ಕಳುಹಿಸಿದ್ದು ತಲುಪಿತೆ?

ತಿಂಗಳ ಕೊನೆಯಲ್ಲಿ ಸಂಬಳದ ಚೀಟಿ ಕೈಗೆ ಬಂದಾಗ ನಾವು ಮೊದಲು ನೋಡುವುದು ಕೆಳಗಿನ ಮೊತ್ತವನ್ನು, ಆಮೇಲೆ ಕಡಿತಗಳನ್ನು, ಅನಂತರ ಒಂದು ನಿಟ್ಟುಸಿರು. ಆ ಅಂಕಿಗಳು ಕಾಗದದ ಮೇಲೆ ಮೂಡಿದ ಬಗೆ ಹೇಗೆಂದು ಯೋಚಿಸುವವರು ವಿರಳ. ಲೆಕ್ಕ ಹಾಕಿದ್ದು ಗಣಕಯಂತ್ರ, ಅಚ್ಚು ಹಾಕಿದ್ದು ಪ್ರಿಂಟರು ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಆದರೆ ಇವೆರಡರ ನಡುವೆ ಒಂದು ಹಾದಿಯಿದೆ. ಆ ಹಾದಿಯಲ್ಲಿ ಸರದಿಯ ಸಾಲುಂಟು, ಲಿಪಿಕಾರನುಂಟು, ದುಭಾಷಿಯುಂಟು, ವಿಳಾಸ ಹುಡುಕುವ ಅಂಚೆಯವನೂ ಉಂಟು. ಇವರಲ್ಲಿ ಯಾರೊಬ್ಬರು ತಪ್ಪಿದರೂ ಲೆಕ್ಕವೆಲ್ಲ ಸರಿಯಾಗಿದ್ದು ಚೀಟಿ ಮಾತ್ರ ಹೊರಬಾರದೆ, ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುತ್ತದೆ. ಈ ವಾರ ವಾಚಕರನ್ನು ಆ ಹಾದಿಯಲ್ಲಿ ಒಮ್ಮೆ ಕರೆದೊಯ್ಯಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ಯಾರಾದರೂ ಕೇಳಬಹುದು. ಕೇಳಲಿ. ಲಿಪಿ, ಲಿಪಿಕಾರ, ಅನುವಾದ, ಪುಟದ ಅಳತೆ, ಓದುವ ಅಧಿಕಾರ, ಇವೆಲ್ಲ ಓಲೆಗರಿಯ ಕಾಲದಿಂದಲೂ ಭಾಷಾವ್ಯಾಸಂಗದ ವಿಷಯಗಳೇ. ಕಂಠದ ಬದಲು ಯಂತ್ರ ಬಂದಿತೆಂದು ಪ್ರಶ್ನೆಗಳು ಬದಲಾಗಿಲ್ಲ.

ಗಣಕಯಂತ್ರಗಳಲ್ಲಿ ಎಷ್ಟೋ ಜಾತಿ. ನಮ್ಮ ಮನೆಯ ಮೇಜಿನ ಮೇಲೆ ಕೂರುವ ಸಣ್ಣದು ಒಂದು ಕಡೆ. ದೊಡ್ಡ ಬ್ಯಾಂಕುಗಳ ಹೃದಯಸ್ಥಾನದಲ್ಲಿರುವ ಮಹಾಗಾತ್ರದ್ದು ಇನ್ನೊಂದು ಕಡೆ. ಇವೆರಡರ ನಡುವೆ ವ್ಯಾಪಾರ ವ್ಯವಹಾರಕ್ಕೆಂದೇ ಹುಟ್ಟಿದ ಮಧ್ಯಮ ಗಾತ್ರದ ಯಂತ್ರಗಳಿವೆ. ಈ ಮಧ್ಯಮ ವರ್ಗದಲ್ಲಿ ಹೆಸರಾದದ್ದು ಐಬಿಎಂ ಸಂಸ್ಥೆಯ ಎ.ಎಸ್./400. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ಎಂಬ ಊರಿನಲ್ಲಿ ರೂಪುಗೊಂಡ ಈ ಯಂತ್ರವನ್ನು 1988ರ ಜೂನ್ 21ರಂದು ಲೋಕಕ್ಕೆ ಪರಿಚಯಿಸಿದರು. 1978ರ ಸಿಸ್ಟಂ/38, 1983ರ ಸಿಸ್ಟಂ/36 ಎಂಬ ಇಬ್ಬರು ಹಿರಿಯರ ಗುಣಗಳನ್ನು ಇದು ಒಟ್ಟುಗೂಡಿಸಿಕೊಂಡಿತು. ಆಮೇಲೆ ಇದಕ್ಕೆ ನಾಮಕರಣದ ಮೇಲೆ ನಾಮಕರಣ: 2000ದಲ್ಲಿ ಐ-ಸೀರೀಸ್, 2004ರಲ್ಲಿ ಐ-5, 2006ರಲ್ಲಿ ಸಿಸ್ಟಂ ಐ. 2008ರಲ್ಲಿ ಯಂತ್ರಕ್ಕೆ ಪವರ್ ಸಿಸ್ಟಮ್ಸ್ ಎಂದೂ ಅದನ್ನು ನಡೆಸುವ ಕಾರ್ಯವ್ಯವಸ್ಥೆಗೆ ಐಬಿಎಂ ಐ ಎಂದೂ ಹೆಸರು. ಆದರೂ ಅದರೊಡನೆ ಬಾಳಿದ ಹಳಬರ ಬಾಯಲ್ಲಿ ಇಂದಿಗೂ ಅದು ಎ.ಎಸ್./400 ಆಗಿಯೇ ಉಳಿದಿದೆ. ಮನೆಯಲ್ಲಿ ಕರೆದ ಹೆಸರು ಶಾಲೆಯ ದಾಖಲೆಗಿಂತ ಗಟ್ಟಿಯಲ್ಲವೆ?

ಆ ದಿನಗಳಲ್ಲಿ ಪ್ರಿಂಟರನ್ನು ಜೋಡಿಸುವುದು ಸರಳವಾಗಿತ್ತು. ಟ್ವಿನಾಕ್ಸ್ ಎಂಬ ದಪ್ಪ ತಂತಿ ಯಂತ್ರದಿಂದ ಹೊರಟು ಪರದೆಗಳನ್ನೂ ಪ್ರಿಂಟರುಗಳನ್ನೂ ಸರದಲ್ಲಿ ಮಣಿ ಪೋಣಿಸಿದಂತೆ ಕಟ್ಟಿಕೊಂಡು ಹೋಗುತ್ತಿತ್ತು. ಒಂದು ಸಾಲಿಗೆ ಸೊನ್ನೆಯಿಂದ ಆರರವರೆಗೆ ಏಳು ವಿಳಾಸಗಳು. ತಂತಿಯ ಪರಮಾವಧಿ ಉದ್ದ 5,000 ಅಡಿ. ಅಷ್ಟರೊಳಗೆ ಇರುವವರೆಲ್ಲ ಒಂದೇ ಮನೆಯವರು, ಒಂದೇ ಭಾಷೆಯವರು. ಯಂತ್ರ ಹೇಳಿದ್ದು ಪ್ರಿಂಟರಿಗೆ ತಿಳಿಯುತ್ತಿತ್ತು. ಕಾಗದ ಮುಗಿದರೆ ಪ್ರಿಂಟರು ಹೇಳಿದ್ದು ಯಂತ್ರಕ್ಕೆ ತಿಳಿಯುತ್ತಿತ್ತು.

ಈಗ ಕಾಲ ಬೇರೆ. ಕಚೇರಿಯ ಜಾಲಕ್ಕೆ ಸೇರಿದ ಯಾವುದೋ ಕಂಪನಿಯ ಲೇಸರ್ ಪ್ರಿಂಟರು ಮೂರನೆಯ ಮಹಡಿಯಲ್ಲಿರಬಹುದು, ಮೂನ್ನೂರು ಮೈಲಿ ದೂರದ ಗೋಡೌನಿನಲ್ಲಿಯೂ ಇರಬಹುದು. ಅದು ಎ.ಎಸ್./400 ಎಂಬ ಹೆಸರನ್ನು ಕೇಳಿದ್ದೇ ಅಲ್ಲ. ಈ ಅಪರಿಚಿತರಿಬ್ಬರಿಗೆ ಸಂಬಂಧ ಬೆಳೆಸುವ ಕೆಲಸವೇ ಇಂದಿನ ನಮ್ಮ ವಿಷಯ.

ಯಂತ್ರದೊಳಗೆ ಮುದ್ರಣದ ಕೆಲಸ ಹುಟ್ಟಿದಾಗ ಅದು ನೇರವಾಗಿ ಪ್ರಿಂಟರಿಗೆ ಓಡುವುದಿಲ್ಲ. ಮೊದಲು ಒಂದು ಸ್ಪೂಲ್ ಫೈಲು ಆಗುತ್ತದೆ. ಸ್ಪೂಲ್ ಎಂದರೆ ದಾರ ಸುತ್ತುವ ಉರುಳೆ. ಬೇಕಾದಾಗ ಬಿಚ್ಚಿಕೊಳ್ಳಲು ಸುತ್ತಿಟ್ಟ ನೂಲು. ಈ ಫೈಲುಗಳು ಔಟ್‌ಪುಟ್ ಕ್ಯೂ ಎಂಬ ಸಾಲಿನಲ್ಲಿ, ಪಡಿತರದ ಅಂಗಡಿಯ ಮುಂದೆ ಚೀಲ ಹಿಡಿದವರಂತೆ, ತಮ್ಮ ಸರದಿಗಾಗಿ ಕಾಯುತ್ತವೆ. ಸಾಲಿನ ತಲೆಯಲ್ಲಿ ಒಬ್ಬನಿದ್ದಾನೆ. ಅವನ ಹೆಸರೇ ರೈಟರ್. ಇದಕ್ಕೆ ನಾನು ಲಿಪಿಕಾರ ಎಂಬ ಹಳೆಯ ಮಾತನ್ನೇ ಬಳಸುತ್ತೇನೆ. ಫೈಲನ್ನು ಸಾಲಿನಿಂದ ಎತ್ತಿ ಪ್ರಿಂಟರಿಗೆ ಒಪ್ಪಿಸುವುದು ಅವನ ಉದ್ಯೋಗ. ಸಾಲು ಇದ್ದು ಲಿಪಿಕಾರ ಎದ್ದಿರದಿದ್ದರೆ ಫೈಲುಗಳು ‘ಸಿದ್ಧ’ ಎಂಬ ಸ್ಥಿತಿಯಲ್ಲಿ ವರ್ಷಗಟ್ಟಲೆ ನಿಂತೇ ಇರುತ್ತವೆ. ‘ಪ್ರಿಂಟು ಕೊಟ್ಟೆ, ಬರಲಿಲ್ಲ’ ಎಂಬ ದೂರು ಕೇಳಿದಾಗ ಮೊದಲು ನೋಡಬೇಕಾದುದು ಇದನ್ನೇ.

ಯಂತ್ರಕ್ಕೆ ಕೊಡುವ ಆಜ್ಞೆಗಳ ರಚನೆ ವೈಯಾಕರಣರ ಕುತೂಹಲವನ್ನು ಕೆರಳಿಸುವಂಥದು. ಸಿ.ಆರ್.ಟಿ. ಎಂದರೆ ‘ಸೃಷ್ಟಿಸು’, ಎಸ್.ಟಿ.ಆರ್. ಎಂದರೆ ‘ಆರಂಭಿಸು’, ಡಬ್ಲ್ಯು.ಆರ್.ಕೆ. ಎಂದರೆ ‘ಕೈಗೆತ್ತಿಕೊಂಡು ನೋಡು’. ಇಂಥ ಧಾತುವಿನ ಮುಂದೆ ನಾಮಪದದ ತುಣುಕನ್ನು ಅಂಟಿಸಿದರೆ ಆಜ್ಞೆ ಸಿದ್ಧ. ಸಿ.ಆರ್.ಟಿ.-ಡಿ.ಇ.ವಿ.-ಪಿ.ಆರ್.ಟಿ. ಎಂದರೆ ಪ್ರಿಂಟರು ಎಂಬ ಸಾಧನವನ್ನು ಸೃಷ್ಟಿಸು ಎಂದರ್ಥ. ನಮ್ಮ ಕ್ರಿಯಾಸಮಾಸದಲ್ಲಿ ನಾಮಪದ ಮೊದಲು, ಕ್ರಿಯೆ ಆಮೇಲೆ: ಕೈಮುಗಿ, ಕಣ್ಮುಚ್ಚು ಎಂಬಂತೆ. ಇಲ್ಲಿ ಅದನ್ನು ತಿರುಗಿಸಿ ನಿಲ್ಲಿಸಿದ್ದಾರೆ, ಅಷ್ಟೆ. ಈ ಕೀಲಿ ಕೈಗೆ ಸಿಕ್ಕವನು ಹತ್ತು ಆಜ್ಞೆಗಳನ್ನು ಕಲಿತು ನೂರನ್ನು ಊಹಿಸಬಲ್ಲನು.

ಇನ್ನು ಕೆಲಸದ ಕ್ರಮ. ಮೊಟ್ಟಮೊದಲನೆಯದು ವಿಳಾಸ. ಜಾಲದಲ್ಲಿರುವ ಪ್ರತಿಯೊಂದು ಪ್ರಿಂಟರಿಗೂ ಅಂಕಿಗಳ ಒಂದು ಐ.ಪಿ. ವಿಳಾಸವಿರುತ್ತದೆ. ಅದು ಸ್ಥಿರವಾಗಿರಬೇಕು. ಕೆಲವು ಕಚೇರಿಗಳಲ್ಲಿ ಜಾಲವೇ ವಿಳಾಸವನ್ನು ಹಂಚುತ್ತದೆ. ಪ್ರಿಂಟರನ್ನು ಆರಿಸಿ ಹೊತ್ತಿಸಿದರೆ ಇಂದು ಒಂದು ವಿಳಾಸ, ನಾಳೆ ಇನ್ನೊಂದು. ಬಾಡಿಗೆದಾರನು ಮನೆ ಬದಲಾಯಿಸಿದ್ದು ಅಂಚೆಯವನಿಗೆ ಗೊತ್ತಾಗುವುದಾದರೂ ಹೇಗೆ? ಆದುದರಿಂದ ಆ ಪ್ರಿಂಟರಿಗೆಂದೇ ಒಂದು ವಿಳಾಸವನ್ನು ಕಾದಿರಿಸತಕ್ಕದ್ದು. ಅನಂತರ ಯಂತ್ರದಿಂದಲೇ ಪಿಂಗ್ ಎಂಬ ಆಜ್ಞೆ ಕೊಟ್ಟು ಆ ಕಡೆಯಿಂದ ‘ಓ’ ಎಂಬ ಉತ್ತರ ಬರುವುದೇ ಎಂದು ಪರೀಕ್ಷಿಸಬೇಕು. ಕೂಗಿದರೆ ಓಗೊಡದವನಿಗೆ ಕಾಗದ ಬರೆದು ಫಲವೇನು?

ಎರಡನೆಯದು ಬಾಗಿಲು. ಒಂದೇ ವಿಳಾಸದ ಮನೆಗೂ ಹಲವು ಬಾಗಿಲುಗಳಿರುತ್ತವೆ. ಇವುಗಳಿಗೆ ಪೋರ್ಟ್ ಎಂದು ಹೆಸರು. ಪ್ರಿಂಟರುಗಳ ಲೋಕದಲ್ಲಿ 9100 ಎಂಬ ಬಾಗಿಲು ಅತ್ಯಂತ ಪ್ರಸಿದ್ಧ. ಹೋದ ಅಕ್ಷರಗಳನ್ನು ಹೋದಂತೆಯೇ ಅದು ಒಳಕ್ಕೆ ತೆಗೆದುಕೊಳ್ಳುತ್ತದೆ. 515 ಎಂಬುದು ಇನ್ನೊಂದು ಬಾಗಿಲು. ಇದು ಯುನಿಕ್ಸ್ ಯಂತ್ರಗಳ ಕಡೆಯಿಂದ ಬಂದ ಎಲ್.ಪಿ.ಡಿ. ಎಂಬ ಹಳೆಯ ಪದ್ಧತಿಗೆ ಸೇರಿದ್ದು. ಈ ಪದ್ಧತಿಯನ್ನು 1990ರಲ್ಲಿ ಲಿಖಿತವಾಗಿ ವಿವರಿಸಿ ಪ್ರಕಟಿಸಿದರು. ಯಾವ ಬಾಗಿಲನ್ನು ತಟ್ಟಬೇಕೆಂಬುದು ಚಿಕ್ಕ ಮಾತಲ್ಲ. ಅದರ ಪರಿಣಾಮವನ್ನು ಮುಂದೆ ನೋಡೋಣ.

ಮೂರನೆಯದು ಭಾಷೆ. ಐಬಿಎಂನ ಈ ವಂಶದ ಯಂತ್ರಗಳು ಅಕ್ಷರಗಳನ್ನು ಎಬ್ಸಿಡಿಕ್ ಎಂಬ ಸಂಕೇತದಲ್ಲಿ ಬರೆದಿಡುತ್ತವೆ. ಅದು 1964ರ ಸಿಸ್ಟಂ/360ರ ಕಾಲದ್ದು. ಹೊರಗಿನ ಪ್ರಿಂಟರುಗಳು ಓದುವುದು ಆಸ್ಕಿ ಎಂಬ ಬೇರೊಂದು ಸಂಕೇತವನ್ನು. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ ಎಬ್ಸಿಡಿಕ್‌ನಲ್ಲಿ 193ನೆಯ ಸ್ಥಾನ, ಆಸ್ಕಿಯಲ್ಲಿ 65ನೆಯದು. ಸೊನ್ನೆಗೆ ಅಲ್ಲಿ 240, ಇಲ್ಲಿ 48. ಅನುವಾದವಿಲ್ಲದೆ ಕಳುಹಿಸಿದರೆ ಪ್ರಿಂಟರು ಏನನ್ನೋ ಓದಿ ಏನನ್ನೋ ಮುದ್ರಿಸಿ, ಸಂಬಳದ ಚೀಟಿ ಮಾಟಗಾರನ ಯಂತ್ರದಂತೆ ಕಾಣಿಸೀತು. ಅದಕ್ಕಾಗಿ ಯಂತ್ರದೊಳಗೇ ಒಬ್ಬ ದುಭಾಷಿಯನ್ನು ಇರಿಸಿದ್ದಾರೆ; ಹೋಸ್ಟ್ ಪ್ರಿಂಟ್ ಟ್ರಾನ್ಸ್‌ಫಾರ್ಮ್ ಎಂದು ಅವನ ಹೆಸರು. ‘ಪರಿವರ್ತಿಸು’ ಎಂಬಲ್ಲಿ ‘ಹೌದು’ ಎಂದು ಬರೆದು, ಪ್ರಿಂಟರಿನ ತಯಾರಕರನ್ನೂ ಮಾದರಿಯನ್ನೂ ಸೂಚಿಸಿದರೆ ಅವನು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಾನೆ. ಮಾದರಿಯ ಹೆಸರು ಪಟ್ಟಿಯಲ್ಲಿ ಇಲ್ಲವಾದರೆ ಅದೇ ಭಾಷೆಯನ್ನಾಡುವ ಹಳೆಯ ಮಾದರಿಯೊಂದನ್ನು ಆರಿಸುವುದು ರೂಢಿ.

ಕನ್ನಡದ ಗತಿಯೇನೆಂಬ ಪ್ರಶ್ನೆ ಸಹಜ. ಎಬ್ಸಿಡಿಕ್‌ನ ಒಂದು ಪುಟದಲ್ಲಿರುವುದು 256 ಸ್ಥಾನಗಳು ಮಾತ್ರ. ನಮ್ಮ ಒತ್ತಕ್ಷರಗಳು ಒಂದರ ಕೆಳಗೊಂದು ಸೇರಿ ರೂಪವನ್ನೇ ಬದಲಾಯಿಸುವಂಥವು. ಒಂದಾದಮೇಲೊಂದು ಅಚ್ಚುಮೊಳೆ ಒತ್ತುವ ಹಳೆಯ ಹಾದಿಯಲ್ಲಿ ಅವಕ್ಕೆ ಎಡೆಯಿಲ್ಲ. ಯುನಿಕೋಡ್ ರೂಪದಲ್ಲಿ ಕನ್ನಡವನ್ನು ಇದೇ ಯಂತ್ರದಲ್ಲಿ ಸಂಗ್ರಹಿಸಿಡಬಹುದು. ಮುದ್ರಿಸುವಾಗ ಮಾತ್ರ ಇಡೀ ಪುಟವನ್ನು ಪಿ.ಡಿ.ಎಫ್. ಮುಂತಾದ ಚಿತ್ರರೂಪಕ್ಕೆ ತಂದು ಕಳುಹಿಸುವುದು ನಿರಾತಂಕವಾದ ಮಾರ್ಗ.

ಈ ಮೂರೂ ನಿಶ್ಚಯವಾದ ಮೇಲೆ ಸಾಧನದ ಸೃಷ್ಟಿ. ಹತ್ತು ಅಕ್ಷರ ಮೀರದ ಹೆಸರೊಂದನ್ನು ಕೊಡಬೇಕು. ವರ್ಗ ಎಂಬಲ್ಲಿ ‘ಲ್ಯಾನ್’, ಜೋಡಣೆ ಎಂಬಲ್ಲಿ ‘ಐ.ಪಿ.’, ಬಾಗಿಲು 9100. ಬಗೆ ಎಂಬಲ್ಲಿ 3812, ಮಾದರಿ 1 ಎಂದು ಬರೆಯುವುದು ಪದ್ಧತಿ. ಈ 3812 ಎಂಬುದು 1980ರ ದಶಕದ ಐಬಿಎಂ ಪ್ರಿಂಟರೊಂದರ ಸಂಖ್ಯೆ. ನಿನ್ನೆ ಪೆಟ್ಟಿಗೆ ಬಿಚ್ಚಿದ ಹೊಸ ಪ್ರಿಂಟರು ಕೂಡ ಈ ಮನೆಯೊಳಗೆ ಕಾಲಿಡುವಾಗ ಆ ಹಿರಿಯನ ಹೆಸರನ್ನೇ ಹೇಳಿಕೊಂಡು ಬರಬೇಕು! ಸೃಷ್ಟಿಯಾದೊಡನೆ ಅದೇ ಹೆಸರಿನ ಸಾಲೂ ತಾನಾಗಿ ಹುಟ್ಟಿಕೊಳ್ಳುತ್ತದೆ. ಅನಂತರ ಸಾಧನವನ್ನು ಎಚ್ಚರಿಸಿ ಲಿಪಿಕಾರನನ್ನು ಕೆಲಸಕ್ಕೆ ಕೂರಿಸಿದರೆ ಮೊದಲ ಪುಟ ಹೊರಬರಬೇಕು.

ಬಾರದಿದ್ದರೆ? ಬಹುಮಟ್ಟಿಗೆ ಕಾರಣ ಎರಡರಲ್ಲೊಂದು. ಒಂದು, ಲಿಪಿಕಾರನು ಒಂದು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುತ್ತಿದ್ದಾನೆ. ಪ್ರತಿಯೊಂದು ಫೈಲಿಗೂ ಇಂಥ ನಮೂನೆಯ ಕಾಗದ ಬೇಕೆಂಬ ಗುರುತಿರುತ್ತದೆ. ನಮೂನೆ ಬದಲಾದರೆ ‘ಕಾಗದ ಬದಲಾಯಿಸಿದ್ದೀರಾ?’ ಎಂದು ಅವನು ಕೇಳುತ್ತಾನೆ. ‘ಜಿ’ ಎಂಬ ಒಂದೇ ಅಕ್ಷರದ ಅಪ್ಪಣೆ ದೊರೆತರೆ ಮುಂದುವರಿಯುತ್ತಾನೆ. ಕೇಳುವವರಿಲ್ಲದೆ ಆ ಪ್ರಶ್ನೆ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ತೂಗಾಡುವುದುಂಟು. ಒಂದೇ ಬಗೆಯ ಕಾಗದ ಬಳಸುವ ಪ್ರಿಂಟರಾದರೆ ಇಂಥ ಪ್ರಶ್ನೆ ಕೇಳಕೂಡದೆಂದು ಮೊದಲೇ ಅವನಿಗೆ ತಾಕೀತು ಮಾಡಬಹುದು.

ಇನ್ನೊಂದು ಕಾರಣ ಕಾಗದದ ಅಳತೆ. ಅಮೆರಿಕನ್ನರದು ಲೆಟರ್ ಎಂಬ ಹಾಳೆ: ಎಂಟೂವರೆ ಅಂಗುಲ ಅಗಲ, ಹನ್ನೊಂದು ಅಂಗುಲ ಉದ್ದ. ನಮ್ಮದು 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದದ ಎ-4. ಹಾಳೆಯ ಅಳತೆಯನ್ನು ಎ-4 ಎಂದು ಸ್ಪಷ್ಟವಾಗಿ ಬರೆಯದೆ ಬಿಟ್ಟರೆ ಪ್ರಿಂಟರು ತನ್ನ ಪುಟ್ಟ ಗಾಜಿನ ಕಿಂಡಿಯಲ್ಲಿ ‘ಲೋಡ್ ಲೆಟರ್’ ಎಂದು ತೋರಿಸಿ ಮುಷ್ಕರ ಹೂಡಬಹುದು. ಪಾಪ, ಗುಮಾಸ್ತನು ಯಾವ ಪತ್ರವನ್ನು ತುಂಬಬೇಕೆಂದು ತಿಳಿಯದೆ ಕಂಗಾಲಾಗುತ್ತಾನೆ. ಹಳೆಯ ವರದಿಗಳ ಅಗಲವೂ ಹೀಗೆಯೇ ತೊಡಕಿನದು. ಅವು ಒಂದು ಸಾಲಿಗೆ 132 ಅಕ್ಷರ, ಒಂದು ಪುಟಕ್ಕೆ 66 ಸಾಲು ಎಂಬ ಲೆಕ್ಕದಲ್ಲಿ, ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದಕ್ಕಾಗಿ ಬರೆದವು. ಅಂಗುಲಕ್ಕೆ ಹತ್ತು ಅಕ್ಷರವೆಂದರೆ ಹದಿಮೂರು ಅಂಗುಲಕ್ಕೂ ಮಿಕ್ಕ ಅಗಲ. ಅದನ್ನು ಎ-4 ಹಾಳೆಯಲ್ಲಿ ಹಿಡಿಸಲು ಪುಟವನ್ನು ಅಡ್ಡಲಾಗಿ ತಿರುಗಿಸಿ ಅಕ್ಷರಗಳನ್ನು ಕುಗ್ಗಿಸುವ ಏರ್ಪಾಡೊಂದಿದೆ. ಅದನ್ನು ಸೂಚಿಸದಿದ್ದರೆ ಬಲಗಡೆಯ ಅಂಕಣ ಕಾಗದದ ಆಚೆ ಬಿದ್ದುಹೋಗುತ್ತದೆ. ಬಲಗಡೆಯ ಅಂಕಣದಲ್ಲಿ ಇರುವುದು ಏನು? ಮೊತ್ತ!

ಇಷ್ಟು ಹೇಳಿದ ಮೇಲೆ ಬಾಗಿಲಿನ ಪ್ರಶ್ನೆಗೆ ಹಿಂತಿರುಗೋಣ. ಈ ಲೇಖನದ ತಿರುಳು ಅಲ್ಲಿಯೇ ಇದೆ. ಮೇಲೆ ಹೇಳಿದ ಕ್ರಮದಲ್ಲಿ ಸಾಧನವನ್ನು ಸೃಷ್ಟಿಸಿ 9100ರ ಬಾಗಿಲಲ್ಲಿ ಎರಡೂ ಕಡೆಯ ಮಾತನ್ನು ಬಲ್ಲ ಚಾಲಕನನ್ನು ನೇಮಿಸುವುದು ಒಂದು ವಿಧಾನ. ಪ್ರಿಂಟರು ಪಿ.ಜೆ.ಎಲ್. ಎಂಬ ಭಾಷೆಯನ್ನು ಬಲ್ಲುದಾದರೆ ಈ ಚಾಲಕನು ‘ಪುಟ ಹೊರಬಂದಿತೆ?’ ಎಂದು ಕೇಳುತ್ತಾನೆ. ಪ್ರಿಂಟರು ‘ಬಂದಿತು’ ಎಂದ ಮೇಲೆಯೇ ಕೆಲಸ ಮುಗಿಯಿತೆಂದು ತಿಳಿಯುತ್ತಾನೆ. ಕಾಗದ ಸಿಕ್ಕಿಕೊಂಡರೆ ಸುದ್ದಿ ಯಂತ್ರಕ್ಕೆ ಬರುತ್ತದೆ. ಇಂತಿಷ್ಟನೆಯ ಪುಟದಿಂದ ಮತ್ತೆ ಮುದ್ರಿಸೆಂದು ಹೇಳುವುದಕ್ಕೂ ಅವಕಾಶವಿದೆ.

ಎರಡನೆಯ ವಿಧಾನ ದೂರದ ಸಾಲು, ಅಂದರೆ ರಿಮೋಟ್ ಔಟ್‌ಪುಟ್ ಕ್ಯೂ. ಇಲ್ಲಿ ಸಾಧನದ ಸೃಷ್ಟಿಯೇ ಬೇಡ. ಸಾಲಿನ ಮೇಲೆಯೇ ವಿಳಾಸ ಬರೆದು 515ರ ಬಾಗಿಲಿಗೆ ಫೈಲನ್ನು ರವಾನಿಸುವುದು. ಏರ್ಪಡಿಸುವುದು ಸುಲಭ. ಆದರೆ ಅಕ್ಷರಗಳು ಆ ಬಾಗಿಲನ್ನು ದಾಟಿದ ಕ್ಷಣವೇ ಯಂತ್ರದ ಲೆಕ್ಕದಲ್ಲಿ ಕೆಲಸ ಮುಗಿಯಿತು. ಬೇರೆ ಅಪ್ಪಣೆ ಇಲ್ಲದಿದ್ದರೆ ಫೈಲು ಸಾಲಿನಿಂದಲೂ ಮಾಯವಾಗುತ್ತದೆ. ಪ್ರಿಂಟರಿನಲ್ಲಿ ಕಾಗದವಿತ್ತೆ, ಮಸಿಯಿತ್ತೆ, ಅದು ಅಚ್ಚು ಹಾಕಿತೆ ಎಂಬುದು ಯಂತ್ರಕ್ಕೆ ತಿಳಿಯದು. ಅರ್ಧದಲ್ಲಿ ನಿಂತರೆ ಅರ್ಧದಿಂದ ಆರಂಭಿಸುವ ಉಪಾಯವೂ ಇಲ್ಲ. ಮೊದಲಿಂದ ಕೊನೆಯವರೆಗೆ ಮತ್ತೊಮ್ಮೆ ಕಳುಹಿಸಬೇಕು.

ಇದರಿಂದ ಏನಾಗುತ್ತದೆಂದು ಊಹಿಸಿರಿ. ರಾತ್ರಿ ಎಂಟು ಗಂಟೆ. ಗೋಡೌನಿನ ಬಾಗಿಲಲ್ಲಿ ಲಾರಿ ನಿಂತಿದೆ. ಒಳಗಿನಿಂದ ಗುಮಾಸ್ತ ಕೇಂದ್ರ ಕಚೇರಿಗೆ ಫೋನು ಮಾಡುತ್ತಾನೆ.

“ಸಾರ್, ರವಾನೆ ಚೀಟಿ ಬರಲಿಲ್ಲ.”

“ಇಲ್ಲಿ ಹೋಗಿದೆ ಎಂದಿದೆಯಲ್ಲಪ್ಪ!”

“ಇಲ್ಲಿಗೆ ಬಂದಿಲ್ಲ ಸಾರ್.”

“ಸರಿ, ಇನ್ನೊಂದು ಸಲ ಕಳಿಸುತ್ತೇನೆ.”

ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ. ಚೀಟಿ ಹೋಗಿದೆ, ಚೀಟಿ ಬಂದಿಲ್ಲ. ಹತ್ತು ನಿಮಿಷದ ಮೇಲೆ ಯಾರೋ ಪ್ರಿಂಟರಿಗೆ ಕಾಗದ ತುಂಬಿದರೆ ಒಂದೇ ಚೀಟಿ ಎರಡು ಸಲ ಹೊರಬರುತ್ತದೆ. ಒಂದನ್ನು ಕಂಡ ಗುಮಾಸ್ತ ಈ ಲಾರಿಗೆ ಸರಕು ತುಂಬಿಸುತ್ತಾನೆ. ಬೆಳಗಿನ ಪಾಳಿಯವನು ಇನ್ನೊಂದನ್ನು ಕಂಡು ಮತ್ತೊಂದು ಲಾರಿಗೆ ತುಂಬಿಸುತ್ತಾನೆ. ತಿಂಗಳ ಕೊನೆಗೆ ಸರಕಿನ ಲೆಕ್ಕ ತಾಳೆಯಾಗದು. ಆಗ ತನಿಖೆ ನಡೆಯುವುದು ಪ್ರಿಂಟರಿನ ಮೇಲಲ್ಲ, ಆ ಇಬ್ಬರು ಗುಮಾಸ್ತರ ಪ್ರಾಮಾಣಿಕತೆಯ ಮೇಲೆ.

ಆದ್ದರಿಂದ ನಾನು ಒಪ್ಪುವ ನಿಯಮ ಇದು: ಪ್ರತಿಗಳ ಸಂಖ್ಯೆಯೇ ಮುಖ್ಯವಾದ ಕಡೆ, ರವಾನೆ ಚೀಟಿ, ಚೆಕ್ಕು, ಸಂಬಳದ ಚೀಟಿ ಮೊದಲಾದವುಗಳಲ್ಲಿ, ಮಾತಿಗೆ ಮರುಮಾತು ಬರುವ ಮೊದಲನೆಯ ವಿಧಾನವನ್ನೇ ಅನುಸರಿಸತಕ್ಕದ್ದು. ಯಾರಾದರೂ ಓದಿ ಬಿಸಾಡುವ ಪಟ್ಟಿಗಳಿಗೆ ಎರಡನೆಯದು ಸಾಕು. ಅಲ್ಲಿಯೂ ಕಳುಹಿಸಿದ ಮೇಲೆ ಫೈಲನ್ನು ಉಳಿಸಿಕೊಳ್ಳೆಂಬ ಅಪ್ಪಣೆ ಕೊಡುವುದು ಲೇಸು. ಮೊದಲನೆಯ ವಿಧಾನದಲ್ಲಿ ಒಂದು ಶಿಷ್ಟಾಚಾರವನ್ನು ಮರೆಯಬಾರದು. ಅನೇಕ ಪ್ರಿಂಟರುಗಳು ಆ ಬಾಗಿಲಲ್ಲಿ ಒಮ್ಮೆಗೆ ಒಬ್ಬರೊಡನೆ ಮಾತ್ರ ಮಾತಾಡುತ್ತವೆ. ಕೆಲಸ ಮುಗಿದು ಕೆಲವು ಸೆಕೆಂಡುಗಳಲ್ಲಿ ಯಂತ್ರವು ಬಾಗಿಲು ಬಿಟ್ಟು ಸರಿಯುವಂತೆ ಗಡುವನ್ನು ಗೊತ್ತುಮಾಡಬೇಕು. 15 ಸೆಕೆಂಡು ಸಾಕು. ಇಲ್ಲವಾದರೆ ಸಾರ್ವಜನಿಕ ದೂರವಾಣಿಯ ಬಳಿ ಹರಟೆಗೆ ನಿಂತವನಂತೆ ಉಳಿದವರೆಲ್ಲರ ಕೆಲಸವನ್ನೂ ತಡೆದೀತು.

ಕಡೆಯ ಮಾತು ಗುಟ್ಟಿನದು. ಸಾಲಿನಲ್ಲಿ ಕಾಯುವ ಫೈಲು ಮುಚ್ಚಿದ ಲಕೋಟೆಯಲ್ಲ. ಅಧಿಕಾರವುಳ್ಳವರು ಪರದೆಯ ಮೇಲೆ ಅದನ್ನು ತೆರೆದು ಓದಬಲ್ಲರು. ಸಾಲಿಗೆ ಸಾಲೇ ಬೇರೆ ಬೇರೆ ನಿಬಂಧನೆಗಳನ್ನು ವಿಧಿಸಬಹುದು: ಇದನ್ನು ಬರೆದವನ ಹೊರತು ಬೇರೆಯವರು ನೋಡಕೂಡದು, ಇಂಥವರು ಮಾತ್ರ ತಡೆಹಿಡಿಯಬಹುದು ಎಂಬಿತ್ಯಾದಿ. ಸಂಬಳದ ಚೀಟಿಗಳನ್ನು ಎಲ್ಲರ ಸಾಲಿನಲ್ಲಿ ನಿಲ್ಲಿಸುವುದು ಮನೆಯ ಜಮಾಖರ್ಚಿನ ಪುಸ್ತಕವನ್ನು ಜಗಲಿಯ ಮೇಲೆ ಬಿಚ್ಚಿಟ್ಟಂತೆ. ಸಾಲನ್ನು ಭದ್ರಪಡಿಸಿದರೂ 9100ರ ಹಾದಿಯಲ್ಲಿ ಅಕ್ಷರಗಳು ಗುಪ್ತಲಿಪಿಯಿಲ್ಲದೆ ಬಯಲಾಗಿಯೇ ಸಾಗುತ್ತವೆಂಬುದನ್ನು ನೆನಪಿಡಬೇಕು. ಇಂಥ ಪ್ರಿಂಟರು ಜಾಲದ ಪ್ರತ್ಯೇಕ ಭಾಗದಲ್ಲಿ, ಬೀಗವಿರುವ ಕೋಣೆಯಲ್ಲಿ ಇರುವುದು ಕ್ಷೇಮ. ನೂರು ಚೀಟಿಗಳಲ್ಲಿ ನಲವತ್ತನೆಯದು ಸಿಕ್ಕಿಕೊಂಡಿತೆಂದು ನೂರನ್ನೂ ಮತ್ತೆ ಕಳುಹಿಸಿದರೆ ಮೊದಲ ಮೂವತ್ತೊಂಬತ್ತು ಮಂದಿಯ ಸಂಬಳದ ಎರಡನೆಯ ಪ್ರತಿ ತಟ್ಟೆಯಲ್ಲಿ ಅನಾಥವಾಗಿ ಬಿದ್ದಿರುತ್ತದೆ. ಅದನ್ನು ಮೊದಲು ಓದುವವನು ಎದುರು ಮೇಜಿನ ಸಹೋದ್ಯೋಗಿ. ಆಮೇಲೆ ಕಚೇರಿಯ ನೆಮ್ಮದಿಯನ್ನು ಯಾವ ಆಜ್ಞೆಯಿಂದಲೂ ಮರಳಿ ಸೃಷ್ಟಿಸಲಾಗದು.

ಎಲ್ಲವೂ ಸಿದ್ಧವಾದ ಮೇಲೆ ಮಾಡಬೇಕಾದ ಇನ್ನೊಂದು ಸಣ್ಣ ಕೆಲಸವಿದೆ. ಅದು ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಪ್ರಿಂಟರಿನ ಹೆಸರು, ವಿಳಾಸ, ಅದು ಯಾವ ಸಾಲಿಗೆ ಸೇರಿದ್ದು, ಕೆಟ್ಟಾಗ ಯಾರನ್ನು ಕರೆಯಬೇಕು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅದರ ಬೆನ್ನಿಗೆ ಅಂಟಿಸುವುದು. ರಾತ್ರಿ ಪಾಳಿಯ ಗುಮಾಸ್ತನಿಗೆ ಆಜ್ಞೆಗಳ ವ್ಯಾಕರಣ ತಿಳಿದಿರಬೇಕಾಗಿಲ್ಲ. ತನ್ನ ಎದುರಿಗಿರುವ ವಸ್ತುವಿನ ಹೆಸರು ತಿಳಿದಿದ್ದರೆ ಸಾಕು. ಫೋನಿನಲ್ಲಿ ಅವನು ಅದನ್ನು ಹೇಳಬಲ್ಲ, ಆ ಕಡೆಯವರು ಹುಡುಕಬಲ್ಲರು, ಲಾರಿಯೂ ಹೊತ್ತಿಗೆ ಸರಿಯಾಗಿ ಹೊರಟೀತು.